ಕುರಿ ಒಳಗೆ ಬೇಡ

ನಮ್ಮ ಸಮುದಾಯ ಭವನದ ಬಾಗಿಲ ಪಕ್ಕದ ಗೋಡೆಯ ಮೇಲೆ ಆರು ನಿಯಮಗಳನ್ನು ಬರೆಸಿದ್ದೆ. ಒಕ್ಕಣೆ ನನ್ನದೇ. ಈಗ ಅಲ್ಲಿ ಐದೇ ಇವೆ. ಆರನೆಯದರ ಮೇಲೆ ಬಳಿದ ಸುಣ್ಣ ಉಳಿದ ಗೋಡೆಗೆ ಹೊಂದದೆ ಒಂದು ಪಟ್ಟಿ ಬೇರೆಯಾಗಿಯೇ ಕಾಣುತ್ತದೆ. ಅಲ್ಲೇನಿತ್ತು ಎಂದು ಹೊಸಬರು ಯಾರಾದರೂ ಕೇಳಿದರೆ ನಮ್ಮ ನೀರುಗಂಟಿ ಮಾತು ಹಾರಿಸುತ್ತಾನೆ. ನಾನೂ ಎರಡು ಸಲ ಹಾರಿಸಿದ್ದೇನೆ. ಮೂರನೆಯ ಸಲ ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಅದಕ್ಕೇ ಬರೆಯಲು ಕೂತಿದ್ದೇನೆ.

ನಾನು ಶಿಕಾರಿಪುರ ತಾಲ್ಲೂಕಿನ ಅಂಚಿನಲ್ಲಿ, ಸೊರಬದ ಗಡಿಗೆ ತಾಗಿಕೊಂಡಿರುವ ಗ್ರಾಮ ಪಂಚಾಯಿತಿಯೊಂದರ ಅಭಿವೃದ್ಧಿ ಅಧಿಕಾರಿ. ಊರವರ ಬಾಯಲ್ಲಿ ಪಿಡಿಒ ಮೇಡಂ. ಇಲ್ಲಿ ಸಿಡಿಲಿನ ಕಾಲ ಆಷಾಢದ ಮಳೆಯಲ್ಲ. ಅದಕ್ಕಿಂತ ಮುಂಚಿನ ಭರಣಿ, ಕೃತ್ತಿಕೆ ಮಳೆಗಳು. ಮಧ್ಯಾಹ್ನ ಮೂರರವರೆಗೆ ನೆತ್ತಿ ಸುಡುವ ಬಿಸಿಲಿರುತ್ತದೆ. ನಾಲ್ಕಕ್ಕೆ ಒಂದು ಮೂಲೆಯಿಂದ ಕಪ್ಪು ಏರಿ, ಐದಕ್ಕೆ ಎಲ್ಲ ಮುಗಿದು ಮತ್ತೆ ಎಳೆಬಿಸಿಲು ಬೀಳುತ್ತದೆ. ಹಿಂದಿನ ವರ್ಷ ಅಂಥದೇ ಒಂದು ಮಧ್ಯಾಹ್ನ ಹೊಲ ಹಸನು ಮಾಡುತ್ತಿದ್ದ ಹೆಂಗಸೊಬ್ಬಳು ಹುಣಸೆ ಮರದ ಕೆಳಗೆ ನಿಂತು ಸತ್ತಳು. ಪಂಚನಾಮೆಗೆ ಹೋದವರಲ್ಲಿ ನಾನೂ ಒಬ್ಬಳು. ಕಾಲುಂಗುರ ಕರಗಿ ಬೆರಳಿಗೆ ಅಂಟಿಕೊಂಡಿತ್ತು. ಮುಂದಿನ ಬೇಸಿಗೆ ನನ್ನ ಪಂಚಾಯಿತಿಯಲ್ಲಿ ಸಿಡಿಲಿಗೆ ಒಂದು ಜೀವವೂ ಹೋಗಬಾರದು ಎಂದು ಅವತ್ತೇ ಹಟ ಹಿಡಿದೆ. ಹಟ ನನ್ನ ಹುಟ್ಟುಗುಣ. ಕಚೇರಿಯಲ್ಲಿ ಅದನ್ನು ಕರ್ತವ್ಯನಿಷ್ಠೆ ಎನ್ನುತ್ತಿದ್ದರು, ನಾನೂ ನಂಬಿದ್ದೆ.

ಕೆಲಸ ಶುರುವಾದದ್ದು ಮಾರ್ಚ್‌ನಲ್ಲಿ. ಸಿಡಿಲಿನ ಮುನ್ಸೂಚನೆ ಕೊಡುವ ಆ್ಯಪ್ ನನ್ನ ಫೋನಿನಲ್ಲಿತ್ತು. ತಾಲ್ಲೂಕು ಕಚೇರಿಯ ವಾಟ್ಸ್‌ಆ್ಯಪ್ ಗುಂಪಿಗೂ ಸಂದೇಶ ಬರುತ್ತಿತ್ತು. ಸುದ್ದಿ ನನ್ನವರೆಗೆ ಸಲೀಸಾಗಿ ಬರುತ್ತಿತ್ತು, ನನ್ನಿಂದ ಹೊಲಕ್ಕೆ ಹೋಗಲು ದಾರಿ ಇರಲಿಲ್ಲ. ಹೊಲಕ್ಕೆ ಹೋದವರ ಫೋನು ಮನೆಯಲ್ಲಿ ಚಾರ್ಜಿಗೆ ಹಾಕಿರುತ್ತದೆ, ಇಲ್ಲವೇ ಬುತ್ತಿಯ ಚೀಲದಲ್ಲಿ ಮರಕ್ಕೆ ನೇತಾಡುತ್ತಿರುತ್ತದೆ. ಪಂಚಾಯಿತಿಯ ಕಸದ ಗಾಡಿಗೆ ಧ್ವನಿವರ್ಧಕ ಇದೆಯಲ್ಲ, ಅದರಲ್ಲೇ ಕೂಗಿಸೋಣ ಎಂದು ಬುದ್ಧಿ ಓಡಿಸಿದೆ. ಮೊದಲ ಅಣಕು ಕಾರ್ಯಾಚರಣೆಯ ದಿನ ಗಾಡಿ ಊರೊಳಗೆ ನುಗ್ಗಿತು. "ಸಿಡಿಲಿನ ಎಚ್ಚರಿಕೆ, ಎಲ್ಲರೂ ಭವನಕ್ಕೆ ಬನ್ನಿ" ಎಂದು ಅದರೊಳಗಿಂದ ನನ್ನದೇ ದನಿ. ಮನೆ ಮನೆಯಿಂದಲೂ ಜನ ಹೊರಗೆ ಬಂದರು, ಕೈಯಲ್ಲಿ ಕಸದ ಬಕೆಟ್ ಹಿಡಿದು. ಒಬ್ಬ ಅಜ್ಜಿ ಹಸಿ ಕಸ, ಒಣ ಕಸ ಬೇರೆ ಮಾಡಿ ತಂದು, "ಇವತ್ತು ಎಲ್ಡ್ ಸಲ ಬಂತಲ್ಲವ್ವ ಗಾಡಿ, ಏನ್ ವಿಶೇಷ?" ಎಂದಳು. ಊರಿಗೆ ಊರೇ ನಕ್ಕಿತು. ನಾನು ನಗಲಿಲ್ಲ. ಬಕೆಟ್ ಕೆಳಗಿಡಿ ಎಂದು ಎಲ್ಲರಿಗೂ ಸೇರಿಸಿ ಬೈದೆ.

ಆಮೇಲೆ ಸೊರಬದಲ್ಲಿ ಮುಚ್ಚಿಹೋಗಿದ್ದ ಅಕ್ಕಿ ಗಿರಣಿಯೊಂದರಿಂದ ಕೈಯಲ್ಲಿ ತಿರುಗಿಸುವ ಹಳೆಯ ಸೈರನ್ ತಂದೆವು. ಗಾಳಿ ಎದ್ದ ಕೂಡಲೇ ನಮ್ಮಲ್ಲಿ ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ಮೊಬೈಲ್ ಟವರ್ ಮಲಗುತ್ತದೆ. ಕೈಗೆ ಇವೆರಡರ ಹಂಗೂ ಇಲ್ಲ. ಪಂಪ್ ಮನೆಯ ಕಿಟಕಿಯಲ್ಲಿ ಅದನ್ನು ಕೂರಿಸಿ ನೀರುಗಂಟಿಗೆ ಒಪ್ಪಿಸಿದೆ. ಒಂದು ನಿಮಿಷ ತಿರುಗಿಸಬೇಕು, ಅರ್ಧ ನಿಮಿಷ ಬಿಡಬೇಕು, ಹೀಗೆ ಐದು ಸಲ. ಎರಡು ಮೈಲಿ ಆಚೆಯ ಹೊಲಕ್ಕೂ ಕೇಳುತ್ತಿತ್ತು. ನಾಯಿಗಳೆಲ್ಲ ಒಟ್ಟಿಗೆ ಊಳಿಡುತ್ತಿದ್ದುದರಿಂದ ಸೈರನ್ ಕೇಳದವರಿಗೂ ನಾಯಿ ಕೇಳುತ್ತಿತ್ತು.

ಹೆಚ್ಚು ಸತಾಯಿಸಿದ್ದು ಭವನ. ತಾರಸಿಯ ಮೇಲೆ ಮಿಂಚುವಾಹಕದ ಕಂಬ ನಿಲ್ಲಿಸುವುದು ಒಂದೇ ದಿನದ ಕೆಲಸ. ಅಲ್ಲಿಂದ ಗೋಡೆಗುಂಟ ಇಳಿದು ಬರುವ ತಾಮ್ರದ ಪಟ್ಟಿಯನ್ನು ನೆಲದೊಳಗೆ ಸೇರಿಸುವ ಗುಂಡಿಯೇ ಕಷ್ಟ. ನಮ್ಮದು ಜಂಬಿಟ್ಟಿಗೆಯ ನೆಲ. ವಿದ್ಯುತ್ತಿಗೆ ಆ ನೆಲದ ತಡೆ ಎಷ್ಟೆಂದು ಪಂಚಾಯಿತಿಯ ಎಂಜಿನಿಯರ್ ಮೀಟರ್ ಇಟ್ಟು ಅಳೆದರು. ಹತ್ತು ಓಮ್‌ಗಿಂತ ಕೆಳಗಿರಬೇಕಾದದ್ದು ನಲವತ್ತರ ಮೇಲಿತ್ತು. "ಈ ಗುಂಡಿ ಇದ್ರೂ ಒಂದೇ, ಇಲ್ದಿದ್ರೂ ಒಂದೇ ಮೇಡಂ," ಎಂದರು. ಇನ್ನೂ ಆಳಕ್ಕೆ ಇಳಿಸಿದೆವು, ಪಕ್ಕದಲ್ಲಿ ಎರಡನೆಯದನ್ನು ತೋಡಿ ಎರಡನ್ನೂ ಜೋಡಿಸಿದೆವು, ಇದ್ದಿಲು ಒಂದು ಪದರ, ಉಪ್ಪು ಒಂದು ಪದರ ಎಂದು ಬಾಯಿವರೆಗೆ ತುಂಬಿದೆವು. ದಿನಕ್ಕೆ ಎರಡು ಕೊಡ ನೀರು ಹಾಕುವ ಕೆಲಸವೂ ನೀರುಗಂಟಿಯ ತಲೆಗೇ ಬಂತು. ಒಂದು ವಾರವಾದ ಮೇಲೆ ಮೀಟರ್ ಎಂಟು ತೋರಿಸಿತು. ಖುಷಿಗೆ ಎಲ್ಲರಿಗೂ ಮಂಡಕ್ಕಿ, ಮಿರ್ಚಿ ತರಿಸಿದೆ.

ಕುರಿಗಾರ ನನಗೆ ಪರಿಚಯವಾದದ್ದು ಆ ಗುಂಡಿಯ ಬಳಿಯೇ. ಉಪ್ಪಿನ ವಾಸನೆಗೆ ಆತನ ಕುರಿಗಳು ದಾರಿ ಬಿಟ್ಟು ಬಂದು ಗುಂಡಿಯ ಸುತ್ತಲಿನ ಮಣ್ಣು ನೆಕ್ಕುತ್ತಿದ್ದವು. ಐವತ್ತು ದಾಟಿದ ಆಳು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಉದ್ದನೆಯ ಕೋಲು. ನಾನು ರೇಗಿದೆ. ಆತ ಕುರಿಗಳನ್ನು ಬೆನ್ನಿನಿಂದ ದೂಡುತ್ತ, "ಉಪ್ಪು ಹೂತೀರಿ, ಅವು ಬಿಡ್ತಾವೇನ್ರೀ? ಎದಕ್ಕಿದು?" ಎಂದು ಕೇಳಿದ. ಸಿಟ್ಟಿನಲ್ಲೇ ವಿವರಿಸಿದೆ. ಅರ್ಧ ಗಂಟೆ ನಿಂತು ಕೇಳಿದ. ಆ ಊರಿನಲ್ಲಿ ನನ್ನ ಮಾತನ್ನು ಅಷ್ಟು ಹೊತ್ತು ನಿಂತು ಕೇಳಿದ ಮೊದಲ ಮನುಷ್ಯ ಆತ.

ಎಣಿಕೆಯನ್ನು ಎಲ್ಲರಿಗಿಂತ ಮೊದಲು ಕಲಿತವನೂ ಆತನೇ. ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಬೇಕು. ಮೂವತ್ತು ಆಗುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತಿರದಲ್ಲಿದೆ, ಕೆಲಸ ಬಿಟ್ಟು ಭವನಕ್ಕೆ ಬರಬೇಕು. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಯಾರೂ ಹೊರಗೆ ಕಾಲಿಡಬಾರದು. ಹೇಳಲು ಸುಲಭ. ಆದರೆ ಜನ ಬಸ್ಸು ಹೊರಟುಹೋಗುತ್ತದೆ ಎನ್ನುವ ಹಾಗೆ ಗಡಬಡಿಸಿ ಎಣಿಸುತ್ತಿದ್ದರು. ಕುರಿಗಾರ ಮಾತ್ರ ಹಟ್ಟಿಯ ಬಾಗಿಲಲ್ಲಿ ಕುರಿಗಳನ್ನು ಒಂದೊಂದಾಗಿ ಒಳಗೆ ಬಿಡುವ ವೇಗದಲ್ಲಿ ಎಣಿಸಿದ. ನನ್ನ ಗಡಿಯಾರಕ್ಕೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ರಾಶಿ ಅಳೆಯುವವರು ಮಾಡುವಂತೆ ಒಂದು ಎನ್ನುವ ಬದಲು 'ಲಾಭ' ಎಂದು ಶುರು ಮಾಡುತ್ತಿದ್ದ. ಲಾಭ, ಎರಡು, ಮೂರು. ಆಮೇಲಿನ ಸಭೆಗಳಲ್ಲಿ ನಾನು ಆತನನ್ನೇ ಎದ್ದು ನಿಲ್ಲಿಸಿ ಎಣಿಸಿ ತೋರಿಸಲು ಹೇಳುತ್ತಿದ್ದೆ. ಬಯಲಲ್ಲಿ ಸಿಕ್ಕಿಬಿದ್ದರೆ ಮರ, ತಂತಿಬೇಲಿ ಬಿಟ್ಟು ತಗ್ಗಿಗೆ ಇಳಿದು, ಹಿಮ್ಮಡಿ ಜೋಡಿಸಿ, ತಲೆ ಬಗ್ಗಿಸಿ ಕುಕ್ಕರಗಾಲಲ್ಲಿ ಕೂರುವುದನ್ನೂ ಆತನೇ ಮಾಡಿ ತೋರಿಸುತ್ತಿದ್ದ. ಜನ ಕೇಕೆ ಹಾಕಿದರೂ ಏಳುತ್ತಿರಲಿಲ್ಲ.

ಭವನದ ಕೀಲಿಕೈ ಇದ್ದದ್ದು ಪಂಚಾಯಿತಿ ಅಧ್ಯಕ್ಷರ ಬಳಿ. ಅವರು ಊರಿನ ದೊಡ್ಡ ಹಿಡುವಳಿದಾರರು. ಭವನಕ್ಕೆ ಹೊಸದಾಗಿ ಬಿಳಿ ಟೈಲ್ಸ್ ಹಾಕಿಸಿದ್ದರು. ಮುಖ ಕಾಣುವಷ್ಟು ನುಣುಪು. ಸಿಡಿಲಿನ ದಿನ ಅದನ್ನು ಎಲ್ಲರಿಗೂ ತೆರೆದಿಡಬೇಕೆಂದು ಸಭೆಯಲ್ಲಿ ಕೇಳಿದೆ.

"ಜನ ಬರ್ಲಿ ರೀ, ಬ್ಯಾಡ ಅನ್ನಂಗಿಲ್ಲ," ಎಂದರು ಅಧ್ಯಕ್ಷರು. "ದನ, ಕುರಿ ಒಳಗ ಬರಬಾರ್ದು. ಅಷ್ಟ ನಂದು."

ಹಿಂದೆ ಗೋಡೆಗೊರಗಿ ಕೂತಿದ್ದ ಕುರಿಗಾರ ಎದ್ದು ನಿಂತ. "ಹಂಗಾದ್ರ ನಾ ಎಲ್ಲಿಗೆ ಹೋಗ್ಲಿ?"

"ನೀ ಒಳಗ ಬಾ. ಕುರಿ ಹೊರಗಿರ್ಲಿ."

"ಗುಡುಗಿಗೆ ಕುರಿ ನಿಲ್ತಾವೇನ್ರೀ? ನಾನಿಲ್ಲ ಅಂದ್ರ ಬೆದರಿ ದಿಕ್ಕಾಪಾಲು ಓಡ್ತಾವ. ಅರ್ಧ ಊರವರ ಕುರಿ ಅದಾವ, ಮೇಯ್ಸಾಕ ಬಿಟ್ಟಿದ್ದು. ನಾಳೆ ಬಂದು ಎಲ್ಲೈತೋ ನಮ್ಮ ಕುರಿ ಅಂದ್ರ ಏನ್ ಹೇಳ್ಲಿ?"

"ಹಂಗಾರ ಕುರಿಗೂ ಒಂದು ಚಾಪಿ ಹಾಸಿ ದಿಂಬು ಕೊಡ್ರಿ," ಎಂದು ಯಾರೋ ಅಂದರು. ಎಲ್ಲರೂ ನಕ್ಕರು.

ಇಲ್ಲೊಂದು ವಿಷಯ ಹೇಳಬೇಕು. ಆ ವಾರ ಆತನ ಕುರಿ ಹಿಂಡು ರಾತ್ರಿ ತಂಗುತ್ತಿದ್ದದ್ದು ಇದೇ ಅಧ್ಯಕ್ಷರ ಹೊಲದಲ್ಲಿ. ಬಿತ್ತನೆಗೆ ಮುಂಚೆ ಕುರಿ ಹಿಂಡನ್ನು ಹೊಲದಲ್ಲಿ ತರುಬಿಸಿಕೊಂಡರೆ ಹಿಕ್ಕೆ, ಗಂಜಲ ಬಿದ್ದು ಬೆಳೆ ಕಸುವಾಗಿ ಬರುತ್ತದೆ. ಅದಕ್ಕಾಗಿ ರೈತರು ಕುರಿಗಾರನಿಗೆ ಕಾಳು ಕೊಟ್ಟು, ಊಟ ಕೊಟ್ಟು, ನಮ್ಮ ಹೊಲಕ್ಕೆ ಮೊದಲು ಬಾ ಎಂದು ಸರದಿಗೆ ಜಗಳವಾಡುತ್ತಾರೆ. ಇದು ಸಭೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಹೊಲಕ್ಕೆ ಬೇಡಿಕೊಂಡು ಕರೆಸುವ ಹಿಕ್ಕೆ ಟೈಲ್ಸಿನ ಮೇಲೆ ಬಿದ್ದರೆ ಏನಾಗುತ್ತದೆ ಎಂದು ನಾನು ಕೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಕೀಲಿಕೈ ಕೈತಪ್ಪಿದರೆ ಎರಡು ತಿಂಗಳ ಕೆಲಸ ಹಾಳಾಗುತ್ತದೆ. ಒಂದು ಊರಿನ ಜೀವಕ್ಕೂ ಒಬ್ಬನ ಕುರಿಗೂ ತೂಕ ಹಾಕಿ, ಸರಿಯಾದ ನಿರ್ಧಾರ ಮಾಡಿದೆ ಎಂದುಕೊಂಡೆ.

ಆರನೆಯ ನಿಯಮವನ್ನು ಆ ಸಭೆಯಲ್ಲೇ ಬರೆದೆ: 'ಕುರಿ, ಮೇಕೆ, ಜಾನುವಾರುಗಳಿಗೆ ಪ್ರವೇಶವಿಲ್ಲ.' ಅಧ್ಯಕ್ಷರು ಕೀಲಿಕೈ ಕೊಟ್ಟರು. ಭವನದ ಹಿಂದೆ ಕುರಿಗಳಿಗೊಂದು ಶೆಡ್ ಎಂದು ಮುಂದಿನ ವರ್ಷದ ಕ್ರಿಯಾಯೋಜನೆಯಲ್ಲಿ ಸೇರಿಸಿದೆ. ಹೊರಗೆ ಬಂದ ಮೇಲೆ ಕುರಿಗಾರನಿಗೂ ಅದನ್ನೇ ಹೇಳಿದೆ. "ಸಿಡಿಲು ಬಡಿದು ಕುರಿ ಸತ್ತರೆ ಪರಿಹಾರವೂ ಇದೆ," ಎಂದೆ.

"ಸತ್ರ ಐತಿ. ಓಡಿಹೋದ್ರ?" ಎಂದ.

ಮುಂದಿನ ವರ್ಷ ಶೆಡ್ ಬರುತ್ತದಲ್ಲ ಎಂದು ಮತ್ತೊಮ್ಮೆ ಹೇಳಿದೆ.

ಕೃತ್ತಿಕೆ ಮಳೆ ಹುಟ್ಟಿದ ಮೂರನೆಯ ದಿನ, ಸರಿಯಾಗಿ ಮೂರು ಗಂಟೆಗೆ ಫೋನ್ ಒದರಿತು. ಪರದೆಯಲ್ಲಿ ಕುಬಟೂರು, ಆನವಟ್ಟಿ ಕಡೆ ಕೆಂಪು ಚುಕ್ಕೆಗಳು ಒತ್ತಾಗಿ ಬಿದ್ದು ನಮ್ಮ ಕಡೆಗೆ ಸರಿಯುತ್ತಿದ್ದವು. ನಲವತ್ತು ನಿಮಿಷ ಸಮಯವಿತ್ತು. ನೀರುಗಂಟಿ ಸೈರನ್ ತಿರುಗಿಸಿದ, ನಾಯಿಗಳು ಊಳಿಟ್ಟವು. ನಾನು ಭವನದ ಬಾಗಿಲು ತೆರೆದು, ಮೆಟ್ಟಿಲ ಮೇಲೆ ಕುರ್ಚಿ ಹಾಕಿ, ಹೆಸರಿನ ಪಟ್ಟಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಜನ ಬಂದರು. ಗುದ್ದಲಿ, ಕುಡುಗೋಲುಗಳನ್ನು ನಿಯಮದಂತೆ ಹೊರಗೆ ಗೋಡೆಗೆ ಒರಗಿಸಿ, ಹೆಸರು ಹೇಳಿ ಒಳಗೆ ಹೋದರು. ಯಾರ ಕೈಯಲ್ಲೂ ಕಸದ ಬಕೆಟ್ ಇರಲಿಲ್ಲ. ಅಧ್ಯಕ್ಷರೂ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ತೋಟದ ಕಳೆ ಕೆಲಸಕ್ಕೆ ಹೋಗಿದ್ದ ಕುರಿಗಾರನ ಹೆಂಡತಿಯೂ ಬಂದಳು. "ಅವ್ರು ಬಂದಿಲ್ಲೇನ್ರೀ ಇನ್ನೂ?" ಎಂದು ಕೇಳಿ ಒಳಗೆ ಹೋಗಿ ಹೆಂಗಸರ ಜೊತೆ ಕೂತಳು. ಪಟ್ಟಿಯಲ್ಲಿ ಗುರುತು ಬೀಳುತ್ತ ಹೋದಂತೆ ನನ್ನೊಳಗೆ ಸಂತೋಷ ಉಕ್ಕುತ್ತಿತ್ತು. ಪರೀಕ್ಷೆಯಲ್ಲಿ ಎಲ್ಲ ಪ್ರಶ್ನೆಗೂ ಉತ್ತರ ಗೊತ್ತಿರುವವಳ ಹಾಗಿದ್ದೆ.

ಗಾಳಿ ಎದ್ದ ಹೊತ್ತಿಗೆ ಕುರಿಗಾರ ಬಂದ. ಹಿಂದೆ ಹಿಂಡು, ಒಂದಕ್ಕೊಂದು ಒತ್ತಿಕೊಂಡು ತಲೆ ತಗ್ಗಿಸಿ. ಮೆಟ್ಟಿಲ ಕೆಳಗೆ ನಿಂತ. ಓಡಿ ಬಂದಿದ್ದ, ಏದುಸಿರು.

"ಇಪ್ಪತ್ತೆರಡಕ್ಕ ಗುಡುಗ್ತು ಮೇಡಂ. ಬಂದ್ಬಿಟ್ಟೆ."

"ಒಳ್ಳೇದಾಯ್ತು. ಬನ್ನಿ ಒಳಗೆ," ಎಂದು ಆತನ ಹೆಸರಿನ ಮುಂದೆ ಗುರುತು ಹಾಕಿದೆ.

"ಇವು?"

ನಾನು ಪಟ್ಟಿಯ ಹಾಳೆ ತಿರುವಿದೆ.

"ಒಂದು ಮೂಲ್ಯಾಗ ಒತ್ತಿ ನಿಲ್ಲಿಸ್ಕೊಂಡು ಕುಂದರ್ತೀನ್ರೀ. ಹಿಕ್ಕಿ ನಾನ ಬಳಿದು ಕೊಡ್ತೀನಿ."

ತಿರುಗಿ ಒಳಗೆ ನೋಡಿದೆ. ಭವನದ ಅರ್ಧ ಖಾಲಿಯಿತ್ತು. ಜನ ಒಂದು ಕಡೆ ಗುಂಪಾಗಿ ಕೂತಿದ್ದರು. ಅಧ್ಯಕ್ಷರು ನನ್ನ ಮುಖ ನೋಡುತ್ತಿದ್ದರು, ಏನೂ ಹೇಳಲಿಲ್ಲ. ಇವತ್ತು ಕುರಿ ಬಿಟ್ಟರೆ ನಾಳೆ ದನ ಬರುತ್ತದೆ, ನಾಡಿದ್ದು ಅಧ್ಯಕ್ಷರು ಕೀಲಿಕೈ ಕೇಳುತ್ತಾರೆ ಎಂದು ನನ್ನ ತಲೆ ಲೆಕ್ಕ ಹಾಕುತ್ತಿತ್ತು. ಕೈ ಎತ್ತಿ ಗೋಡೆ ತೋರಿಸಿದೆ. ಓದಲು ಬಾರದ ಮನುಷ್ಯನಿಗೆ ಗೋಡೆ ತೋರಿಸಿದೆ.

"ನಿಯಮ ಎಲ್ಲರಿಗೂ ಒಂದೇ. ನೀವು ಬನ್ನಿ, ಕುರಿ ಒಳಗೆ ಬೇಡ."

ಮತ್ತೊಂದು ಮಿಂಚು. ಆತನ ತುಟಿ ಅಲ್ಲಾಡಿತು, ಎಣಿಸುತ್ತಿದ್ದ. ಹದಿನಾಲ್ಕಕ್ಕೆ ಗುಡುಗಿತು. ನಾನೂ ಎಣಿಸಿದ್ದೆ.

"ಆತು ಬಿಡ್ರಿ," ಎಂದ. ಸಿಟ್ಟಿರಲಿಲ್ಲ. "ಸಾಲಿ ಹಿಂದಿನ ತಗ್ಗಿನಾಗ ಕುಂದರ್ತೀನಿ. ನೀವು ಹೇಳಿಕೊಟ್ಟಿದ್ದು ನೆನಪೈತಿ."

ಆಗ ನನಗೆ ಆದದ್ದು ಹೆಮ್ಮೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ. ಹೇಳಿಕೊಟ್ಟದ್ದನ್ನು ಇಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿದ್ದಾನೆ ಎಂದು.

ಆತನ ಹೆಂಡತಿ ಎದ್ದು ಬಾಗಿಲಿಗೆ ಬಂದಳು. "ನಾನೂ ಅವ್ರ ಕೂಡ ಹೊಕ್ಕೀನ್ರೀ, ಒಬ್ರ ಕೈಲಿ ನಿಲ್ಲಂಗಿಲ್ಲ ಅವು." ನಾನು ಅಡ್ಡ ನಿಂತೆ. ಒಳಗೆ ಬಂದವರು ಹೊರಗೆ ಹೋಗುವಂತಿಲ್ಲ. ಅದು ಐದನೆಯ ನಿಯಮ. ಆಕೆ ನನ್ನ ತೋಳು ಹಿಡಿದು ತಳ್ಳಿದಳು. ನೀರುಗಂಟಿ ಬಂದು ಬಾಗಿಲ ಅಗುಳಿ ಹಾಕಿದ. ಕುರಿಗಾರನ ಹೆಸರಿನ ಮುಂದಿನ ಗುರುತನ್ನು ಹೊಡೆದುಹಾಕಲು ನಾನು ಮರೆತೆ. ಪಟ್ಟಿಯ ಪ್ರಕಾರ ಆತ ಇವತ್ತಿಗೂ ಭವನದ ಒಳಗಿದ್ದಾನೆ.

ಮಳೆ ಹೊಡೆಯಿತು. ಆಮೇಲೆ ಎಣಿಸಲು ಏನೂ ಇಲ್ಲದ ಒಂದು ಸಿಡಿಲು ಬಿತ್ತು. ಬೆಳಕು, ಸದ್ದು ಎರಡೂ ಒಟ್ಟಿಗೆ. ಕಿಟಕಿಯ ಗಾಜು ಅದುರಿತು, ಹೆಂಗಸರು ಕಿರುಚಿದರು. ಶಾಲೆಯ ಕಡೆಯಿಂದ ಒಂದೆರಡು ಕುರಿ ಅರಚಿದ್ದು ಕೇಳಿ ನಿಂತುಹೋಯಿತು. ಕುರಿಗಾರನ ಹೆಂಡತಿ ಅಗುಳಿಗೆ ಕೈ ಹಾಕಿದಳು. ನಾನು ಆಕೆಯ ಸೊಂಟ ಹಿಡಿದುಕೊಂಡೆ. ಇನ್ನೂ ಗುಡುಗುತ್ತಿತ್ತು. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ. ಪ್ರತಿ ಸಲ ಗುಡುಗಿದಾಗಲೂ ಅರ್ಧ ಗಂಟೆ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಒಟ್ಟು ಐವತ್ತು ನಿಮಿಷ ಆಕೆಯನ್ನು ಹಿಡಿದುಕೊಂಡು ನೆಲದ ಮೇಲೆ ಕೂತಿದ್ದೆ. ಬೈದಳು, ಕಚ್ಚಿದಳು, ಆಮೇಲೆ ಸುಮ್ಮನಾದಳು. ಸಿಡಿಲು ಬಡಿದವರನ್ನು ಮುಟ್ಟಿದರೆ ಏನೂ ಆಗುವುದಿಲ್ಲ, ಕೂಡಲೇ ಎದೆ ಒತ್ತಿದರೆ ಎಷ್ಟೋ ಜನ ಬದುಕುತ್ತಾರೆ ಎಂದು ಇದೇ ಭವನದಲ್ಲಿ ನಾನೇ ಗೊಂಬೆ ಇಟ್ಟು ಕಲಿಸಿದ್ದೆ. ಅದು ನನ್ನ ತಲೆಯಲ್ಲಿ ಇಡೀ ಐವತ್ತು ನಿಮಿಷ ಇತ್ತು. ಆದರೂ ಬಾಗಿಲು ತೆರೆಯಲಿಲ್ಲ.

ಆತ ತಗ್ಗಿನಲ್ಲಿದ್ದ. ಮರದಿಂದ ದೂರ, ತಂತಿಬೇಲಿಯಿಂದ ದೂರ, ಹೇಳಿದ ಜಾಗದಲ್ಲೇ. ಹಿಮ್ಮಡಿ ಜೋಡಿಸಿ, ತಲೆ ಬಗ್ಗಿಸಿ, ಕೂತಲ್ಲೇ ಒಂದು ಪಕ್ಕಕ್ಕೆ ವಾಲಿದ್ದ. ಕಂಬಳಿ ಒದ್ದೆಯಾಗಿ ಮೈಗೆ ಅಂಟಿತ್ತು. ಹೆದರಿದ ಕುರಿಗಳು ಆತನಿಗೆ ಒತ್ತಿಕೊಂಡು ನಿಂತಿದ್ದವು. ಒತ್ತಿಕೊಂಡವು ಒತ್ತಿಕೊಂಡಲ್ಲೇ ಸತ್ತಿದ್ದವು. ನೆಲಕ್ಕೆ ಬಡಿದ ಸಿಡಿಲು ಒಂದು ಕಾಲಿನಿಂದ ಹತ್ತಿ ಇನ್ನೊಂದು ಕಾಲಿನಿಂದ ಇಳಿಯುತ್ತದೆ, ಹಿಂಡು ಮೈಗೆ ಮೈ ತಾಗಿಸಿ ನಿಂತಿದ್ದರೆ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ ಎಂದು ಎಂಜಿನಿಯರ್ ಆಮೇಲೆ ಫೋನಿನಲ್ಲಿ ವಿವರಿಸಿದರು. ನೀರುಗಂಟಿ ಆತನನ್ನು ಮಲಗಿಸಿ ಎದೆ ಒತ್ತಿದ. ಕಲಿಸಿದಂತೆಯೇ ಒತ್ತಿದ, ಕೈ ಸೋಲುವವರೆಗೂ. ಮೈ ತಣ್ಣಗಾಗಿತ್ತು.

ಶಿಕಾರಿಪುರದ ಆಸ್ಪತ್ರೆಯ ವೈದ್ಯರು ಒಂದೇ ಪ್ರಶ್ನೆ ಕೇಳಿದರು. "ಎಷ್ಟು ಹೊತ್ತಿನ ಮೇಲೆ ಎದೆ ಒತ್ತಿದ್ರಿ?" ಹೇಳಿದೆ. ಅವರು ಬರೆದುಕೊಂಡರು, ಮುಖ ಎತ್ತಲಿಲ್ಲ.

ಹೊತ್ತು ಮುಳುಗುವ ಮುಂಚೆ ಊರಿಗೆ ವಾಪಸಾದೆ. ಆಕಾಶ ತೊಳೆದಿಟ್ಟಂತೆ ತಿಳಿಯಾಗಿತ್ತು. ಉಳಿದ ಕುರಿಗಳು ಓಡಿಹೋಗಿರಲಿಲ್ಲ. ಭವನದ ಮೆಟ್ಟಿಲ ಕೆಳಗೆ, ಕುರಿಗಾರ ನಿಂತಿದ್ದ ಜಾಗದಲ್ಲೇ ಬಂದು ನಿಂತಿದ್ದವು. ಮನೆಯಲ್ಲಿ ನೆಂಟರು ಸೇರುತ್ತಿದ್ದರು, ಕುರಿ ಕಾಯುವವರು ಯಾರೂ ಇರಲಿಲ್ಲ. ಮತ್ತೆ ಮಳೆ ಬರುವ ಸೂಚನೆ ಫೋನಿನಲ್ಲಿತ್ತು. ಕುರಿಗಾರನ ಹೆಂಡತಿ ಮೆಟ್ಟಿಲ ಬಳಿ ನಿಂತಿದ್ದಳು. ಅಳುತ್ತಿರಲಿಲ್ಲ. ನನ್ನನ್ನು ಕಂಡು ಕೇಳಿದಳು:

"ಈಗರ ಬಿಡ್ತೀರೇನ್ರೀ, ಒಳಗ?"

ಅಧ್ಯಕ್ಷರು ಪಕ್ಕದಲ್ಲೇ ಇದ್ದರು. ಅವರೇ ಓಡಿಹೋಗಿ ಬಾಗಿಲಿನ ಎರಡೂ ರೆಕ್ಕೆ ತೆರೆದರು. ಯಾರೂ ಟೈಲ್ಸಿನ ಮಾತೆತ್ತಲಿಲ್ಲ. ಆಕೆ ಬಾಗಿಲಲ್ಲಿ ನಿಂತು ಒಂದೊಂದನ್ನೇ ಬೆನ್ನು ಮುಟ್ಟಿ ಒಳಗೆ ಬಿಟ್ಟಳು. ಲಾಭ, ಎರಡು, ಮೂರು. ಗಂಡನದೇ ವೇಗ. ಕುರಿಗಳು ನುಣುಪು ನೆಲದ ಮೇಲೆ ಗೊರಸು ಜಾರಿಸುತ್ತ, ಒಂದು ಮೂಲೆಗೆ ಹೋಗಿ ಒತ್ತಿಕೊಂಡು ನಿಂತವು. ಭವನದ ಕಾಲು ಭಾಗವೂ ಹಿಡಿಯಲಿಲ್ಲ.

ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದರು. "ಮಧ್ಯಾಹ್ನ ನೀವು ಬಿಟ್ಟಿದ್ರ ನಾನೇನು ಅಂತಿದ್ದೆ ಮೇಡಂ? ಸುಮ್ನ ಇರ್ತಿದ್ದೆ," ಎಂದರು. ಅದು ನಿಜವೋ, ಆ ಹೊತ್ತಿಗೆ ಹೊಳೆದ ಮಾತೋ ನನಗೆ ಗೊತ್ತಿಲ್ಲ. ನಿಜವಿರಬಹುದು. ಅವರು ಅಲ್ಲೇ ಕೂತಿದ್ದರು, ಬಾಯಿ ಬಿಟ್ಟಿರಲಿಲ್ಲ, ನಾನು ಒಂದು ಮಾತು ಕೇಳಬಹುದಿತ್ತು.

ಬೆಳಿಗ್ಗೆ ಏಳಕ್ಕೆ ಭವನಕ್ಕೆ ಬಂದೆ. ಕುರಿಗಾರನ ಹೆಂಡತಿಯ ತಮ್ಮ ಹಿಂಡನ್ನು ಹೊಡೆದುಕೊಂಡು ಹೋಗಿದ್ದ. ಹನ್ನೊಂದಕ್ಕೆ ತಾಲ್ಲೂಕಿನಿಂದ ಸಾಹೇಬರು ಬರುವವರಿದ್ದರು. ಭವನದೊಳಗಿದ್ದ ಎಲ್ಲರೂ ಸುರಕ್ಷಿತವಾಗಿದ್ದಾರೆ, ನಮ್ಮ ವ್ಯವಸ್ಥೆಯನ್ನು ಬೇರೆ ಪಂಚಾಯಿತಿಗಳಿಗೂ ಮಾದರಿಯಾಗಿ ಕಳಿಸಬೇಕು, ನಿಯಮದ ಗೋಡೆಯ ಫೋಟೊ ಬೇಕು ಎಂದು ರಾತ್ರಿಯೇ ಸಂದೇಶ ಬಂದಿತ್ತು. ನೀರುಗಂಟಿಗೆ ಸುಣ್ಣ ತರಲು ಹೇಳಿ ಆರನೆಯ ನಿಯಮದ ಮೇಲೆ ಬಳಿಸಿದೆ. ಪಶ್ಚಾತ್ತಾಪದಿಂದ ಅಳಿಸಿದೆ ಎಂದು ಊರಲ್ಲಿ ಕೆಲವರು ಅಂದುಕೊಂಡಿದ್ದಾರೆ. ಅಲ್ಲ. ಹೆದರಿ ಅಳಿಸಿದೆ.

ಆಮೇಲೆ ಪೊರಕೆ ಹಿಡಿದೆ. ನೀರುಗಂಟಿ ಬೇಡ ಎಂದ, ನಾನು ಕೊಡಲಿಲ್ಲ. ಹಿಕ್ಕೆ ಒಣಗಿ ಕಾಳಿನ ಹಾಗೆ ಉರುಳುತ್ತಿತ್ತು, ಗುಡಿಸಲು ಕಷ್ಟವೇ ಇರಲಿಲ್ಲ. ಬಾಗಿಲ ಹತ್ತಿರ ರಾಶಿ ಮಾಡುವಷ್ಟರಲ್ಲಿ ಅಧ್ಯಕ್ಷರ ಮನೆಯ ಆಳು ಪುಟ್ಟಿ ಹಿಡಿದು ಬಂದ. "ಹೊಲಕ್ಕಾತೈತಿ, ತಗೊಂಡು ಬಾ ಅಂದಾರ," ಎಂದ. ಜಗಳವಾಡಲು ನನ್ನಲ್ಲಿ ಶಕ್ತಿಯಿರಲಿಲ್ಲ. ನಾನೇ ಪುಟ್ಟಿಗೆ ತುಂಬಿಕೊಟ್ಟೆ. ಒಂದು ಬಕೆಟ್ ನೀರು ಚೆಲ್ಲಿ ಬಟ್ಟೆಯಲ್ಲಿ ನೆಲ ಒರೆಸಿದೆ. ಟೈಲ್ಸ್ ಮೊದಲಿನ ಹಾಗೇ ಆಯಿತು, ಬಗ್ಗಿದರೆ ಮುಖ ಕಾಣುತ್ತಿತ್ತು. ಎದ್ದು ನಿಂತು ಗೋಡೆಯ ಗಡಿಯಾರ ನೋಡಿದೆ. ಇಡೀ ಕೆಲಸಕ್ಕೆ ಹದಿನೆಂಟು ನಿಮಿಷ ಹಿಡಿದಿತ್ತು.